ರಿಯಾಯಿತಿಯ ಗೆರೆ ಮತ್ತು ಒಂದು ಸುಳ್ಳು ರಸೀದಿ



ಜನವರಿ ಬಂತೆಂದರೆ ಸಂಬಳದಾರರ ಅನೇಕ ಮನೆಗಳಲ್ಲಿ ಕಡತಗಳು ಹೊರಬರುತ್ತವೆ. ವಿಮೆಯ ಕಂತು, ಮಕ್ಕಳ ಶಾಲಾ ಶುಲ್ಕ, ಮನೆ ಬಾಡಿಗೆ ಇವುಗಳ ರಸೀದಿಗಳನ್ನು ಜೋಡಿಸಿ ಕಚೇರಿಗೆ ಒಪ್ಪಿಸಬೇಕು. ಈ ಕಾಗದಗಳ ನಡುವೆ ಒಂದು ನೈತಿಕ ಪ್ರಶ್ನೆಯೂ ಅಡಗಿರುತ್ತದೆ. ಅದನ್ನು ಇಂದು ಒಟ್ಟಿಗೆ ಪರಿಶೀಲಿಸೋಣ.

ಸಾಧಾರಣ ಸಂಬಳದವರ ಹೊರೆಯನ್ನು ಇಳಿಸಲು 2013ರ ಬಜೆಟ್ ಆದಾಯ ತೆರಿಗೆಯಲ್ಲಿ ಒಂದು ರಿಯಾಯಿತಿಯನ್ನು ತಂದಿತು. ಆಗ ಅದು ಕೇವಲ 2,000 ರೂಪಾಯಿ. 2019ರಲ್ಲಿ ಅದು 12,500ಕ್ಕೆ ಏರಿತು. ತೆರಿಗೆಗೆ ಒಳಪಡುವ ಆದಾಯ 5 ಲಕ್ಷವನ್ನು ಮೀರದವರಿಗೆ ತೆರಿಗೆಯೇ ಇಲ್ಲವಾಯಿತು. ಆದರೆ ಆ ಗೆರೆ ಬಹಳ ಕಠಿಣವಾದದ್ದು. ಆದಾಯ 5,10,000 ಆದರೆ ರಿಯಾಯಿತಿ ಪೂರ್ತಿಯಾಗಿ ಕೈತಪ್ಪಿ, ಸೆಸ್ ಸೇರಿ 15,080 ರೂಪಾಯಿ ಕಟ್ಟಬೇಕು. ಹತ್ತು ಸಾವಿರ ಹೆಚ್ಚು ದುಡಿದವನು ಹದಿನೈದು ಸಾವಿರ ಕಳೆದುಕೊಂಡಂತೆ!

ಆ ಗೆರೆಯ ಅಂಚಿನಲ್ಲಿ ನಿಂತ ಒಬ್ಬ ಗುಮಾಸ್ತನನ್ನು ಊಹಿಸಿಕೊಳ್ಳಿ. ಅವನು ತಂದೆಯ ಮನೆಯಲ್ಲೇ ಇದ್ದಾನೆ. ಬಾಡಿಗೆ ಎಂದು ಒಂದು ಕಾಸನ್ನೂ ಕೊಡುವುದಿಲ್ಲ. ತಂದೆಗೆ ನಿಜವಾಗಿ ಬಾಡಿಗೆ ಕೊಟ್ಟು ರಸೀದಿ ಪಡೆದರೆ ಕಾನೂನಿನಲ್ಲಿ ತಪ್ಪಿಲ್ಲ. ಆದರೆ ಇವನು ಕೊಡದ ಬಾಡಿಗೆಗೆ ರಸೀದಿ ಬರೆದು, "ಅಪ್ಪಾ, ಇಲ್ಲೊಂದು ರುಜು ಹಾಕಿ" ಎನ್ನುತ್ತಾನೆ. ವರ್ಷದ ಬಾಡಿಗೆ 1 ಲಕ್ಷ ಮೀರದಿದ್ದರೆ ಮನೆಯ ಮಾಲೀಕರ ಪ್ಯಾನ್ ಸಂಖ್ಯೆಯನ್ನೂ ಕೇಳುವುದಿಲ್ಲ. ವೃದ್ಧ ತಂದೆ ಕನ್ನಡಕ ಏರಿಸಿ ರುಜು ಹಾಕುತ್ತಾರೆ. ಪಕ್ಕದಲ್ಲಿ ಪಾಠ ಓದುತ್ತಿರುವ ಮೊಮ್ಮಗ ನೋಡುತ್ತಿರುತ್ತಾನೆ.

"ಕಾನೂನೇ ಅನ್ಯಾಯವಾಗಿರುವಾಗ ಇದು ಪಾಪವೇ?" ಎಂದು ನೀವು ಕೇಳಬಹುದು. ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆ ಗೆರೆಯಲ್ಲಿ ಕೊರತೆಯಿತ್ತೆಂಬುದು ನಿಜ. 2023ರಲ್ಲಿ ಹೊಸ ತೆರಿಗೆ ಪದ್ಧತಿಗೆ ಅದರ ಪರಿಹಾರವೂ ಬಂದಿತು. ಆ ಪದ್ಧತಿಯಲ್ಲಿ 2025ರ ಬಜೆಟ್ ರಿಯಾಯಿತಿಯನ್ನು 60,000ಕ್ಕೆ ಏರಿಸಿ, 12 ಲಕ್ಷದವರೆಗಿನ ಆದಾಯವನ್ನು ತೆರಿಗೆಯಿಂದ ಮುಕ್ತಗೊಳಿಸಿತು. ಅದರಂತೆ 12,10,000 ಆದಾಯವುಳ್ಳವರ ತೆರಿಗೆ, ಸೆಸ್ ಬಿಟ್ಟು, ಹೆಚ್ಚುವರಿ 10,000ವನ್ನು ದಾಟುವುದಿಲ್ಲ. ನ್ಯಾಯವಾದ ದೂರನ್ನು ಎಲ್ಲರೆದುರು ಹೇಳಬಹುದು, ಅದಕ್ಕೆ ಪರಿಹಾರವನ್ನೂ ಬೇಡಬಹುದು. ಸುಳ್ಳು ರಸೀದಿಯನ್ನಾದರೋ ಬಚ್ಚಿಡಲೇಬೇಕು. ಬಚ್ಚಿಡಬೇಕಾದದ್ದು ದೂರಲ್ಲ, ಕಳವು.

"ಸರ್ಕಾರದ ಹಣ ತಾನೇ, ಯಾರಿಗೆ ನಷ್ಟ?" ಎಂಬುದು ಮತ್ತೊಂದು ಸಮಾಧಾನ. ನಿಮ್ಮ ಮನೆಯ ಪಾತ್ರೆ ತೊಳೆಯುವ ಹೆಂಗಸನ್ನು ನೆನೆಯಿರಿ. ಅವಳು ಆದಾಯ ತೆರಿಗೆಯ ಮಿತಿಗೆ ಬರುವುದೇ ಇಲ್ಲ. ಆದ್ದರಿಂದ ರಿಯಾಯಿತಿ ಹೆಚ್ಚಿದರೂ ಅವಳ ಕೈಗೆ ಏನೂ ಸೇರದು. ಆದರೆ 2017ರಿಂದ ಅವಳು ಕೊಂಡ ಮೈಸಾಬೂನಿನ ಮೇಲೆ ಶೇಕಡಾ 18ರಷ್ಟು ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಂದು ಅದು ಶೇಕಡಾ 5ಕ್ಕೆ ಇಳಿಯಿತು. ಅಂಗಡಿಯಲ್ಲಿ ಯಾವ ರಸೀದಿ ತೋರಿಸಿ ಅವಳು ಆ ತೆರಿಗೆಯಿಂದ ಪಾರಾದಾಳು? ನಾವು ಕಟ್ಟದೆ ಉಳಿಸಿಕೊಂಡ ಪಾಲಿನ ಭಾರ ಅಂಥವರ ಮೇಲೂ ಬೀಳುತ್ತದೆ. ಸರ್ಕಾರಿ ಆಸ್ಪತ್ರೆಯ ಔಷಧಿಯೂ ಶಾಲೆಯ ಬೆಂಚೂ ಬರುವುದು ಆ ಬೊಕ್ಕಸದಿಂದಲೇ.

ಹೊಸ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಗೆ ವಿನಾಯಿತಿ ಇಲ್ಲ. ಆದ್ದರಿಂದ ಅದನ್ನು ಆರಿಸಿಕೊಂಡವರಿಗೆ ಬಾಡಿಗೆ ರಸೀದಿಯೇ ಬೇಡ. ಒಳ್ಳೆಯದೇ. ಆದರೆ ಸುಳ್ಳು ಹೇಳುವ ಅವಕಾಶ ತಪ್ಪಿದ ಮಾತ್ರಕ್ಕೆ ನಾವು ಸತ್ಯವಂತರಾದೆವೇ? ಅಂದು ಅಜ್ಜನ ರುಜುವನ್ನು ನೋಡಿದ ಆ ಹುಡುಗ ಕಲಿತ ಪಾಠವನ್ನು ಯಾವ ಬಜೆಟ್ ತಿದ್ದೀತು?

ಸುಂಕದ ಅಧಿಕಾರಿ ಜಕ್ಕಾಯನ ಕಥೆ ನಿಮಗೆ ತಿಳಿದದ್ದೇ. ಅವನ ಪಶ್ಚಾತ್ತಾಪ ಮಾತಿನಲ್ಲಿ ಮುಗಿಯಲಿಲ್ಲ. ಮೋಸದಿಂದ ಪಡೆದಿದ್ದರೆ ನಾಲ್ಕರಷ್ಟು ಹಿಂದಿರುಗಿಸಲು ಅವನು ಸಿದ್ಧನಾದ. ನಮ್ಮ ಕಾನೂನೂ ತಪ್ಪನ್ನು ತಿದ್ದಿಕೊಳ್ಳಲು ಒಂದು ಬಾಗಿಲನ್ನು ತೆರೆದಿದೆ. ಹೆಚ್ಚುವರಿ ತೆರಿಗೆಯೊಡನೆ ಹಳೆಯ ವಿವರವನ್ನು ಸರಿಪಡಿಸಿ ಮತ್ತೆ ಸಲ್ಲಿಸುವ ವ್ಯವಸ್ಥೆ 2022ರಲ್ಲಿ ಬಂದಿತು. 2025ರಲ್ಲಿ ಅದರ ಅವಧಿಯನ್ನು ಎರಡು ವರ್ಷದಿಂದ ನಾಲ್ಕು ವರ್ಷಕ್ಕೆ ಹೆಚ್ಚಿಸಲಾಯಿತು.

ರಿಯಾಯಿತಿಯನ್ನು ಸಂತೋಷದಿಂದ ಪಡೆಯಿರಿ. ಅದು ನಿಮ್ಮ ಹಕ್ಕು. ಅದು ನಮ್ಮನ್ನು ತೆರಿಗೆಯಿಂದ ಬಿಡಿಸುತ್ತದೆ, ಸತ್ಯದಿಂದ ಬಿಡಿಸುವುದಿಲ್ಲ. ಮುಂದಿನ ಸಲ ಕಾಗದಗಳನ್ನು ಜೋಡಿಸುವಾಗ ಒಂದನ್ನು ಮಾತ್ರ ಕೇಳಿಕೊಳ್ಳಿ: ಈ ರಸೀದಿ ಏನೆಂದು ಮಗ ಕೇಳಿದರೆ, ಅವನ ಮುಖ ನೋಡಿ ಉತ್ತರಿಸಬಲ್ಲೆನೇ?