ಎಷ್ಟು ಸಡಿಲ, ಎಷ್ಟು ಬಿಗಿ?

ಊರು ಬಿಟ್ಟು ಹೊರಟವನಿಗೆ ಹಿರಿಯರು ಹೇಳಿ ಕಳಿಸುವ ಬುದ್ಧಿಮಾತು ಸಾಮಾನ್ಯವಾಗಿ ಒಂದೇ: ‘ಹೋದ ಕಡೆ ಹೊಂದಿಕೊಂಡು ಹೋಗಪ್ಪಾ.’ ಬೆಂಗಳೂರಿನವರು ಅದನ್ನೇ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಅಂತ ಪ್ರಸಿದ್ಧಿಗೆ ತಂದಿದ್ದಾರೆ. ಒಳ್ಳೆಯ ಮಾತೇ, ತಕರಾರಿಲ್ಲ. ಆದರೆ ಹೊಂದಿಕೊಳ್ಳುವುದು ಎಲ್ಲಿಗೆ ಮುಗಿದು ಜಾರುವುದು ಎಲ್ಲಿಂದ ಶುರುವಾಗುತ್ತೆ? ಇದನ್ನು ಯಾರೂ ಹೇಳಿ ಕಳಿಸುವುದಿಲ್ಲ. ಮೂವತ್ತೈದಕ್ಕೂ ಹೆಚ್ಚು ವರ್ಷ ಉತ್ತರದಲ್ಲೇ ಕಳೆದ ನನಗೆ ಈ ಪ್ರಶ್ನೆಯ ಬಗ್ಗೆ ಒಂದಿಷ್ಟು ಬೆಳಕು ಸಿಕ್ಕಿದ್ದು ಯಾವ ಪ್ರವಚನದಲ್ಲೂ ಅಲ್ಲ, ಮೀರತ್ತಿನ ಒಂದು ರಿಪೇರಿ ಅಂಗಡಿಯಲ್ಲಿ.

ದೆಹಲಿಗೆ ಎಪ್ಪತ್ತು ಕಿಲೋಮೀಟರ್ ದೂರದ ಮೀರತ್ತು ಅಂದರೆ ನಮಗೆ 1857 ನೆನಪಾಗುತ್ತದೆ, ಇನ್ನು ಕೆಲವರಿಗೆ ಕ್ರಿಕೆಟ್ ಬ್ಯಾಟು. ಅಲ್ಲಿನ ಜಲೀ ಕೋಠಿ ಎಂಬ ಪೇಟೆ ಬ್ಯಾಂಡ್ ವಾದ್ಯಗಳಿಗೆ ಹೆಸರುವಾಸಿ ಅನ್ನುವುದು ನಮ್ಮ ಕಡೆಯವರಿಗೆ ಅಷ್ಟಾಗಿ ಗೊತ್ತಿಲ್ಲ. 1885ರಲ್ಲಿ ಶುರುವಾದ ನಾದಿರ್ ಅಲಿ ಕಂಪನಿಯಿಂದ ಹಿಡಿದು ಒಬ್ಬನೇ ಕೂತು ದುಡಿಯುವ ಗೂಡಂಗಡಿಯವರೆಗೆ ಅಲ್ಲಿ ಟ್ರಂಪೆಟ್ಟು, ಬ್ಯೂಗಲ್ಲುಗಳದೇ ಸಂಸಾರ. ಉತ್ತರದ ಮದುವೆ ಮೆರವಣಿಗೆಗೆ ಬ್ಯಾಂಡು ಅಂದರೆ ನಮ್ಮಲ್ಲಿ ವಾಲಗ ಇದ್ದ ಹಾಗೆ. ಅದಿಲ್ಲದೆ ವರ ಕುದುರೆ ಹತ್ತುವುದಿಲ್ಲ. ಸಾಲದ ಇನ್‌ಸ್ಪೆಕ್ಷನ್ನಿಗೆ ಅಂತ ಅಂಥದೊಂದು ಅಂಗಡಿಗೆ ನಾನು ಆಗಾಗ ಹೋಗುತ್ತಿದ್ದೆ. ಐದು ನಿಮಿಷದ ಕೆಲಸಕ್ಕೆ ಒಂದು ಗಂಟೆ ಕೂರುತ್ತಿದ್ದೆ.

ಟ್ರಂಪೆಟ್ಟಿನ ಮುಂಭಾಗದಲ್ಲಿ ಯು ಆಕಾರದ ಒಂದು ಕೊಳವೆ ಇರುತ್ತದೆ. ಅದರ ಎರಡು ಕಾಲುಗಳು ವಾದ್ಯದ ಹೊರ ಕೊಳವೆಗಳೊಳಗೆ ಜಾರಿ ಕೂರುತ್ತವೆ. ಅದೇ ಟ್ಯೂನಿಂಗ್ ಸ್ಲೈಡ್. ಹೊರಗೆ ಎಳೆದರೆ ಗಾಳಿಯ ದಾರಿ ಉದ್ದವಾಗಿ ಶ್ರುತಿ ಇಳಿಯುತ್ತದೆ, ಒಳಗೆ ತಳ್ಳಿದರೆ ಏರುತ್ತದೆ. ಇದರ ಅಗತ್ಯವೇನು ಅಂತೀರಾ? ಗಾಳಿ ತಣ್ಣಗಾದರೆ ಶಬ್ದದ ವೇಗ ಕಡಿಮೆಯಾಗುತ್ತದೆ, ಒಂದು ಡಿಗ್ರಿಗೆ ಸೆಕೆಂಡಿಗೆ ಸುಮಾರು 0.6 ಮೀಟರಿನಂತೆ. ಊದುವವನ ಬಿಸಿಯುಸಿರು ಸ್ವಲ್ಪ ಸರಿದೂಗಿಸುತ್ತದೆ ನಿಜ. ಆದರೂ ಜೂನ್ ತಿಂಗಳ ಮೀರತ್ತಿನಲ್ಲಿ ಸರಿಯಿದ್ದ ಶ್ರುತಿ ಜನವರಿಯ ಮಂಜಿನ ರಾತ್ರಿ ಸರಿಯಿರುವುದಿಲ್ಲ. ಅಂದರೆ ವಾದ್ಯವನ್ನು ಮಾಡಿದವರೇ, ಇದು ಹೋದಲ್ಲಿ ಹೊಂದಿಕೊಳ್ಳಬೇಕಾಗುತ್ತದೆ ಅಂತ ಮೊದಲೇ ಜಾಗ ಬಿಟ್ಟಿರುತ್ತಾರೆ.

ಈ ಸ್ಲೈಡು ವರ್ಷಗಳು ಕಳೆದಂತೆ ಸಡಿಲವಾಗುತ್ತದೆ. ಊದುವಾಗ ತಾನಾಗಿ ಸರಿಯುತ್ತದೆ, ವಾದ್ಯ ಬಗ್ಗಿಸಿದರೆ ಜಾರಿ ಕೆಳಗೇ ಬೀಳಬಹುದು. ಸಂದಿನಲ್ಲಿ ಗಾಳಿ ಸೋರಿ ಸ್ವರ ಬಡವಾಗುತ್ತದೆ. ಕಾರಣಗಳಲ್ಲಿ ಒಂದು ನನ್ನನ್ನು ತುಂಬ ಯೋಚನೆಗೆ ಹಚ್ಚಿತು. ಬಹಳಷ್ಟು ಸ್ಲೈಡುಗಳು ಹಾಳಾಗುವುದು ಉಜ್ಜಿ ಉಜ್ಜಿ. ಮದುವೆ ಮನೆಯಲ್ಲಿ ಫಳಫಳ ಹೊಳೆಯಲಿ ಅಂತ ಬ್ಯಾಂಡಿನ ಹುಡುಗರು ಒಳಗಿನ ಕಾಲುಗಳಿಗೂ ಬ್ರಾಸೋ ಹಾಕಿ ತಿಕ್ಕುತ್ತಾರೆ. ಹಿತ್ತಾಳೆಯ ಗೋಡೆ ಇರುವುದೇ ಅರ್ಧ ಮಿಲಿಮೀಟರ್ ಆಸುಪಾಸು. ಪ್ರತಿ ಹೊಳಪಿನ ಜೊತೆ ಒಂದಿಷ್ಟು ಲೋಹವೂ ಬಟ್ಟೆಗೆ ಅಂಟಿಕೊಂಡು ಹೋಗುತ್ತದೆ.

ರಿಪೇರಿಯಲ್ಲಿ ಎರಡು ದಾರಿ. ಕಾಲಿಗೆ ದಾರ ಸುತ್ತುವುದು, ಟೆಫ್ಲಾನ್ ಟೇಪು ಹಚ್ಚುವುದು, ಗಟ್ಟಿ ಗ್ರೀಸು ಮೆತ್ತುವುದು ಒಂದು. ಆ ರಾತ್ರಿಯ ಮದುವೆ ಪಾರಾಗುತ್ತದೆ. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಹಳೇ ಸಾಲದ ಬಡ್ಡಿ ಕಟ್ಟಲು ಹೊಸ ಸಾಲ ಕೊಟ್ಟ ಹಾಗೆ. ಪುಸ್ತಕದಲ್ಲಿ ಎಲ್ಲ ಸರಿ. ಇನ್ನೊಂದು ನಿಜವಾದ ರಿಪೇರಿ. ಒಳಗಿನ ಕಾಲಿನೊಳಗೆ ಒಂದು ಉಪಕರಣ ಇಳಿಸಿ, ತಿರುಗಿಸುತ್ತಾ ಕೂದಲೆಳೆಯಷ್ಟು ಹಿಗ್ಗಿಸುತ್ತಾರೆ. ಆಮೇಲೆ ನುಣ್ಣನೆಯ ಅರೆಯುವ ಪೇಸ್ಟು ಹಚ್ಚಿ, ಹೊರ ಕೊಳವೆಯೊಳಗೆ ಆಡಿಸಿ ಆಡಿಸಿ ಕೂರಿಸುತ್ತಾರೆ. ಕೊನೆಗೆ ಪೇಸ್ಟಿನ ಕಣವೂ ಉಳಿಯದಂತೆ ತೊಳೆಯುತ್ತಾರೆ. ಹೊರಗಿನದನ್ನೇ ಅದುಮಿದರೆ ಬೇಗ ಆಗುವುದಿಲ್ಲವೇ ಅಂತ ನಾನು ಕೇಳಿದ್ದಕ್ಕೆ ಉಸ್ತಾದ್ ನಕ್ಕರು. ‘ಸಾಹೇಬ್ರೆ, ಹೊರಗಿಂದ ಅದುಮಿದರೆ ಅದುಮಿದಲ್ಲಿ ಮಾತ್ರ ಕಚ್ಚಿಕೊಳ್ಳುತ್ತೆ, ಬಾಕಿ ಕಡೆ ಸಡಿಲವೇ’ ಅಂದರು. ಅಂದಹಾಗೆ, ಉಗುಳಿನ ತೇವಕ್ಕೆ ಸತು ಕರಗಿಹೋಗಿ ಗುಲಾಬಿ ಚುಕ್ಕೆ ಬಿದ್ದ ಕೊಳವೆಯನ್ನು ಅವರು ಹಿಗ್ಗಿಸುತ್ತಲೇ ಇರಲಿಲ್ಲ. ಬಿರುಕು ಬಿಡುತ್ತದೆ, ಹೊಸ ಕೊಳವೆಯನ್ನೇ ಹಾಕಬೇಕು.

ಇದಕ್ಕಿಂತ ದೊಡ್ಡ ಪಾಠ ಇನ್ನೊಂದು. ಟ್ರಂಪೆಟ್ಟಿಗೆ ಸ್ಲೈಡು ಒಂದೇ ಅಲ್ಲ. ಮೂರು ವಾಲ್ವುಗಳಿಗೂ ಒಂದೊಂದು ಇದೆ. ಒಂದನೆಯದನ್ನೂ ಮೂರನೆಯದನ್ನೂ ಕೂಡಿಸಿ ಒತ್ತಿದಾಗ ಸ್ವರ ಕೊಂಚ ಮೇಲೇರುವುದರಿಂದ, ಬಲ್ಲವನು ನುಡಿಸುತ್ತಿರುವಾಗಲೇ ಮೂರನೇ ಸ್ಲೈಡನ್ನು ಬೆರಳಿನಿಂದ ಆಚೆ ತಳ್ಳಿ ಸರಿಮಾಡುತ್ತಾನೆ. ಅದಕ್ಕೆ ತೆಳು ಎಣ್ಣೆ. ಬೆರಳು ಹೇಳಿದಂತೆ ಓಡಬೇಕು. ಮುಖ್ಯ ಸ್ಲೈಡಿಗೆ ಗಟ್ಟಿ ಗ್ರೀಸು; ಬೇಕೆಂದು ಎಳೆದರೆ ಮಾತ್ರ ಸರಿಯಬೇಕು, ಇಟ್ಟಲ್ಲಿ ನಿಲ್ಲಬೇಕು. ಒಂದಕ್ಕೆ ಗುಣವಾದದ್ದು ಇನ್ನೊಂದಕ್ಕೆ ರೋಗ. ಹಾಗಂತ ಬಿಗಿ ಅತಿಯಾಗಿ ಕಚ್ಚಿಕೊಂಡರೂ ಕಷ್ಟವೇ. ಕಾಯಿಸಿ, ಎಣ್ಣೆ ಬಿಟ್ಟು, ದಿನಗಟ್ಟಲೆ ಕಾಯಬೇಕು.

ಆ ಕಾಲಕ್ಕೆ ನನ್ನ ಪರಿಚಯದಲ್ಲಿ ಇಬ್ಬರು ಕನ್ನಡದ ಅಧಿಕಾರಿಗಳಿದ್ದರು. ಒಬ್ಬರು ಬಂದ ಆರು ತಿಂಗಳಲ್ಲೇ ಅಲ್ಲಿಯವರಾದರು. ಹಿಂದಿಯಲ್ಲಿ ಶಾಯರಿ ಹೇಳುವರು, ಪರಾಠದ ಜೊತೆ ಮೂಲಂಗಿ ಕಡಿಯುವರು. ಎಲ್ಲರಿಗೂ ಬೇಕಾದವರು. ‘ಇಲ್ಲಿ ಹೀಗೇ ನಡೆಯೋದು ರೀ’ ಅನ್ನುತ್ತಾ ಗೋದಾಮು ನೋಡದೆಯೇ ದಾಸ್ತಾನಿನ ವರದಿಗೆ ಸಹಿ ಹಾಕುವುದನ್ನೂ ಅಷ್ಟೇ ಸಲೀಸಾಗಿ ಕಲಿತರು. ಇನ್ನೊಬ್ಬರು ಹಿಂದಿಗೆ ಬಾಯಿಯೇ ತಿರುಗದೆ, ಸಾರಿನ ಪುಡಿ ಬಂದಿಲ್ಲ ಅಂತ ಗೊಣಗುತ್ತಲೇ ವರ್ಷ ದೂಡಿದರು. ಗಿರಾಕಿಗಳಿಗೆ ಅವರನ್ನು ಕಂಡರೆ ಬೇಸರ. ಆದರೆ ಚೀಲ ಎಣಿಸದೆ ಒಂದು ಸಹಿ ಹಾಕಿದವರಲ್ಲ. ಹೊಂದಿಕೊಂಡವರು ಯಾರು, ಹೇಳಿ? ಮೊದಲನೆಯವರೇ ಅಂತ ಆಫೀಸಿನಲ್ಲಿ ಎಲ್ಲರೂ ಹೇಳುತ್ತಿದ್ದರು. ನನ್ನ ಪ್ರಕಾರ ಅವರ ಮೂರನೇ ಸ್ಲೈಡು ಅತ್ಯುತ್ತಮವಾಗಿತ್ತು, ಮುಖ್ಯ ಸ್ಲೈಡು ಕೈಗೆ ಬಂದಿತ್ತು. ಎರಡನೆಯವರದು ಸರಿಯಾಗಿ ತಿರುಗುಮುರುಗು. ಹೊರಗೆ ಮಾತ್ರ ಇಬ್ಬರಿಗೂ ಬಿದ್ದ ಹೆಸರು ಬೇರೆ ಬೇರೆ: ಒಬ್ಬರು ‘ಮಿಲನಸಾರ್’, ಇನ್ನೊಬ್ಬರು ‘ಜಿದ್ದೀ’.

ಕಷ್ಟವಿರುವುದು ನಮ್ಮೊಳಗಿನ ಯಾವುದು ಮುಖ್ಯ ಸ್ಲೈಡು ಅಂತ ಗುರುತಿಸುವುದರಲ್ಲಿ. ವಾದ್ಯದಲ್ಲಾದರೆ ಕಣ್ಣಿಗೆ ಕಾಣುತ್ತದೆ. ಊಟ, ಉಡುಪು, ಹಬ್ಬದ ವೇಳೆ, ಇವೆಲ್ಲ ಬೆರಳು ಹೇಳಿದಂತೆ ಸರಿಯಲಿ ಅನ್ನುವವನು ನಾನು. ಕೊಟ್ಟ ಮಾತು, ಹಾಕಿದ ಸಹಿ ಇಟ್ಟಲ್ಲಿ ಇರಬೇಕು. ಭಾಷೆ? ಇಲ್ಲಿ ನನಗೂ ನನ್ನ ಸ್ನೇಹಿತರೊಬ್ಬರಿಗೂ ಹತ್ತು ವರ್ಷದಿಂದ ಜಗಳ. ಕನ್ನಡವೇ ಮುಖ್ಯ ಸ್ಲೈಡು, ಅದು ಜಾರಿದರೆ ಶ್ರುತಿಯೇ ಹೋಯಿತು ಅನ್ನುತ್ತಾರೆ ಅವರು. ದೆಹಲಿಯಲ್ಲೇ ಹುಟ್ಟಿ ಹಿಂದಿಯಲ್ಲಿ ಕನಸು ಕಾಣುವ ನನ್ನ ಮೊಮ್ಮಗಳನ್ನು ಸಡಿಲ ಅಂತ ಕರೆಯಲು ನಾನು ತಯಾರಿಲ್ಲ. ಅವಳು ಬೇರೆಯೇ ವಾದ್ಯ, ಅವಳ ಶ್ರುತಿ ಬೇರೆ. ಆದರೆ ಊರಲ್ಲೇ ಹುಟ್ಟಿ ಬೆಳೆದು, ಇಲ್ಲಿ ಬಂದ ಮೇಲೆ ನಾಚಿಕೆಗೆ ಮಾತು ತಿಕ್ಕಿ ತಿಕ್ಕಿ ತೆಳುವಾದವರ ವಿಷಯದಲ್ಲಿ ಸ್ನೇಹಿತರ ವಾದಕ್ಕೆ ಬಲವಿದೆ. ನವೆಂಬರಿನಲ್ಲಿ ಒಂದು ದಿನ ಶಾಲು ಹೊದ್ದು ಸುತ್ತುವ ದಾರ ಡಿಸೆಂಬರಿಗೆ ಬಿಚ್ಚಿಹೋಗಿರುತ್ತದೆ.

ಸ್ನೇಹಿತರು ಇಷ್ಟಕ್ಕೆ ಒಪ್ಪುವವರಲ್ಲ. ‘ಬೇರೆ ವಾದ್ಯ ಅಂತೀರಲ್ಲ, ಬೇರೆ ಮಾಡಿದವರು ಯಾರು ಸ್ವಾಮಿ?’ ಅಂತ ಹೋದ ಭಾನುವಾರ ಕೇಳಿ, ಬಸ್ಸು ಬಂತೆಂದು ಎದ್ದು ಹೋದರು. ಈ ಭಾನುವಾರ ಮತ್ತೆ ಬರುತ್ತಾರೆ.