ದೋಷವನ್ನು ಅರಿತ ಮೇಲೆ

ವಸ್ತುವಿನ ದೋಷವನ್ನು ಅರಿಯದೆ ಮಾರಿದವನು ತಪ್ಪಿತಸ್ಥನೇ? ಅರಿತೂ ಸುಮ್ಮನಿದ್ದು ಮಾರಿದವನು ಸುಳ್ಳುಗಾರನೇ? ಪ್ರಶ್ನೆಗಳು ಬಹಳ ಹಳೆಯವು. ನನ್ನ ಮನೆಗೆ ಅವು ಬಂದದ್ದು ಮಾತ್ರ ಕಳೆದ ಮಳೆಗಾಲದಲ್ಲಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು ತಂದ ಒಂದು ಹಳೆಯ ಗ್ರಾಫಿಕ್ಸ್ ಕಾರ್ಡಿನ ಜೊತೆಗೆ.

ಸೊಲ್ಲಾಪುರದ ನಮ್ಮ ಮನೆಯಲ್ಲಿರುವ ಕಂಪ್ಯೂಟರು 2013ರದು. ನಾನು ಕನ್ನಡ ಶಾಲೆಯ ಮಾಸ್ತರನಾಗಿದ್ದಾಗ ಪ್ರಶ್ನಪತ್ರಿಕೆಗಳನ್ನು ಸಿದ್ಧಪಡಿಸಲು ಕೊಂಡದ್ದು. ತಂಗಿಯ ಮಗ ಡಿಪ್ಲೊಮಾ ಓದಲು ನಮ್ಮಲ್ಲಿಗೆ ಬಂದು ಉಳಿದ ಮೇಲೆ ಅದು ಅವನ ಸ್ವತ್ತಾಯಿತು. ಕಂಪ್ಯೂಟರಿನಲ್ಲಿ ಮೂರು ಆಯಾಮದ ಚಿತ್ರಗಳನ್ನು ರಚಿಸುವುದನ್ನು ಕಲಿಯಬೇಕೆಂಬ ಹಂಬಲ ಅವನದು. ಅದಕ್ಕೆ ಬೇಕಾದ ಹೊಸ ಕಾರ್ಡು ನಮ್ಮ ಅಳವಿಗೆ ಮೀರಿತ್ತು. ಊರಿನ ತರುಣನೊಬ್ಬ ತಾನು ಬಳಸಿದ ಕಾರ್ಡನ್ನು 4,500 ರೂಪಾಯಿಗೆ ಕೊಡಲು ಒಪ್ಪಿದ. ಕೊಡುವ ಮುನ್ನ ಅವನು ಒಂದು ಮಾತು ಕೇಳಿದ್ದ: ನಿಮ್ಮ ಕಂಪ್ಯೂಟರಿನ ಎಸ್‌ಎಂಪಿಎಸ್ ಎಂಥದು, ಎಷ್ಟು ವಾಟಿನದು? ನನಗೆ ಅದರ ಗಂಧವೂ ಇರಲಿಲ್ಲ. ಆದರೂ 'ಎಲ್ಲ ಸರಿಯಾಗಿದೆ' ಎಂದು ಹೇಳಿಬಿಟ್ಟೆ.

ಮೂರು ದಿನ ಎಲ್ಲವೂ ಸುಸೂತ್ರವಾಗಿ ನಡೆಯಿತು. ನಾಲ್ಕನೆಯ ಸಂಜೆ ಹುಡುಗ ತಾನು ರಚಿಸಿದ ಚಿತ್ರವನ್ನು ಪೂರ್ಣಗೊಳಿಸಲು ಯಂತ್ರಕ್ಕೆ ಬಿಟ್ಟಾಗ ಪರದೆಯ ತುಂಬ ಹಸಿರು, ನೇರಳೆ ಬಣ್ಣದ ಚೌಕಗಳು ಚೆಲ್ಲಿದಂತಾದವು. ಮರುಕ್ಷಣ ಕಂಪ್ಯೂಟರು ತಾನಾಗಿಯೇ ಆರಿತು. ಮತ್ತೆ ಹಚ್ಚಿದೆವು, ಮತ್ತೆ ಅದೇ ಕಥೆ. ನಾನು ಫೋನೆತ್ತಿ ಆ ತರುಣನಿಗೆ ಮೋಸಗಾರ ಎಂದೆ. ಇನ್ನೂ ಒಂದೆರಡು ಮಾತು ಅಂದಿರಬೇಕು. ತನ್ನ ಮನೆಯಲ್ಲಿ ಅದು ಚೆನ್ನಾಗಿಯೇ ನಡೆಯುತ್ತಿತ್ತೆಂದು ಅವನು ಮರಾಠಿಯಲ್ಲಿ ಎರಡು ಸಲ ಹೇಳಿದ; ನಾನು ಕೇಳುವ ಸ್ಥಿತಿಯಲ್ಲಿರಲಿಲ್ಲ.

ಆಮೇಲಿನ ಎಂಟು ದಿನ ನಾವಿಬ್ಬರೂ ದೋಷದ ಬೆನ್ನು ಹತ್ತಿದೆವು. ಹುಡುಗ ನನಗಿಂತ ತಾಳ್ಮೆಯವನು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಎರಡನ್ನು ಬದಲಿಸಿದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯುವುದಿಲ್ಲ ಎಂಬುದು ಅವನ ನೇಮ. ಹಳೆಯ ಡ್ರೈವರನ್ನು ಬೇರುಸಹಿತ ಕಿತ್ತು ಹೊಸದನ್ನು ಹಾಕಿದ. ಕಾರ್ಡಿನ ಹೊಂಬಣ್ಣದ ಅಂಚನ್ನು ಪೆನ್ಸಿಲು ಅಳಿಸುವ ರಬ್ಬರಿನಿಂದ ಉಜ್ಜಿದ. ಫ್ಯಾನಿನ ಧೂಳು ತೆಗೆದು, ಒಣಗಿ ಸುಣ್ಣದಂತಾಗಿದ್ದ ಥರ್ಮಲ್ ಪೇಸ್ಟನ್ನು ಒರೆಸಿ ಹೊಸದನ್ನು ಬಳಿದ. ಉಷ್ಣತೆ ಇಳಿಯಿತು, ಚೌಕಗಳು ಹೋಗಲಿಲ್ಲ.

ಉಳಿದದ್ದು ಎಸ್‌ಎಂಪಿಎಸ್. ಇಂಥ ಕಾರ್ಡು ತುಂಬ ದುಡಿಯುವಾಗ 120 ವಾಟ್ ವಿದ್ಯುತ್ತನ್ನು ಬೇಡುತ್ತದೆ. ಮದರ್‌ಬೋರ್ಡಿನ ಸ್ಲಾಟು ಕೊಡಬಲ್ಲದ್ದು ಹೆಚ್ಚೆಂದರೆ 75. ಮಿಕ್ಕದ್ದು ಆರು ಮೊಳೆಗಳ ಬೇರೊಂದು ತಂತಿಯ ಮೂಲಕ ನೇರವಾಗಿ ಎಸ್‌ಎಂಪಿಎಸ್‌ನಿಂದ ಬರಬೇಕು. 12 ವೋಲ್ಟಿನ ತಂತಿಯಲ್ಲಿ ಶೇಕಡಾ 5ರಷ್ಟು ಏರಿಳಿತ ಸಲ್ಲುತ್ತದೆ, ಅಂದರೆ 11.4ರ ಕೆಳಗೆ ಇಳಿಯಬಾರದು. ಹುಡುಗ ಮಲ್ಟಿಮೀಟರು ಹಿಡಿದು ನೋಡಿದರೆ, ಭಾರ ಬಿದ್ದೊಡನೆ ಅದು 11.1ಕ್ಕೆ ಕುಸಿಯುತ್ತಿತ್ತು. ಪೆಟ್ಟಿಗೆಯ ಮೈಮೇಲಿನ ಚೀಟಿಯಲ್ಲಿ ಮಾತ್ರ 450 ವಾಟ್ ಎಂದು ಠೀವಿಯಿಂದ ಅಚ್ಚಾಗಿತ್ತು. ಗೆಳೆಯನ ಮನೆಯಿಂದ ಒಳ್ಳೆಯ ಎಸ್‌ಎಂಪಿಎಸ್ ತಂದು ಜೋಡಿಸಿದ ಮೇಲೆ ಕಂಪ್ಯೂಟರು ಆರುವುದು ನಿಂತಿತು. ನನ್ನ ಆರೋಪದ ಅರ್ಧ ಭಾಗ ಅಲ್ಲಿಯೇ ಸುಳ್ಳಾಯಿತು. ಆ ದೋಷ ಮೊದಲಿನಿಂದಲೂ ನನ್ನ ಮನೆಯಲ್ಲಿಯೇ ಇತ್ತು. ಅದರ ಬಗ್ಗೆ ಕೇಳಿದವನಿಗೆ 'ಎಲ್ಲ ಸರಿಯಾಗಿದೆ' ಎಂದವನೂ ನಾನೇ.

ಇನ್ನರ್ಧ ಸುಳ್ಳಾಗಲಿಲ್ಲ. ಚೌಕಗಳು ಉಳಿದೇ ಇದ್ದವು. ಗೆಳೆಯನ ಕಂಪ್ಯೂಟರಿಗೆ ಹಾಕಿದರೂ ಅಲ್ಲಿಯೂ ಅವೇ. ಕೊನೆಗೆ ಹುಡುಗ ಕಾರ್ಡಿನ ಮೆಮೊರಿಯ ವೇಗವನ್ನು ಐನೂರು ಮೆಗಾಹರ್ಟ್ಸಿನಷ್ಟು ತಗ್ಗಿಸಿದ. ಪರದೆ ಕೊಳದ ನೀರಿನಂತೆ ತಿಳಿಯಾಯಿತು. ವೇಗವನ್ನು ಮೊದಲಿನಷ್ಟಕ್ಕೆ ಏರಿಸಿದೊಡನೆ ಚೌಕಗಳು ಮರಳಿದವು. ಮೆಮೊರಿಯ ಯಾವುದೋ ಚಿಪ್ಪೋ ಅದರಡಿಯ ಬೆಸುಗೆಯೋ ಸೋತಿದೆ ಎಂಬುದು ಖಚಿತವಾಯಿತು. ತರುಣನಿಗೆ ಇದು ತಿಳಿದಿತ್ತೇ? ಸಿನಿಮಾ ನೋಡುವಷ್ಟಕ್ಕೆ ಬಳಸಿದ್ದರೆ ತಿಳಿಯದಿರುವುದೇ ಸಹಜ. ವೇಗ ತಗ್ಗಿಸಿಟ್ಟುಕೊಂಡು ಬಳಸಿದ್ದರೆ ತಿಳಿದೇ ಇತ್ತು. ಆ ತಗ್ಗಿಸುವಿಕೆ ಕಂಪ್ಯೂಟರಿನ ತಂತ್ರಾಂಶದಲ್ಲಿ ಉಳಿಯುತ್ತದೆ, ಕಾರ್ಡಿನ ಜೊತೆ ಬರುವುದಿಲ್ಲ. ಎಷ್ಟು ಪರೀಕ್ಷೆ ಮಾಡಿದರೂ ಕಾರ್ಡು ತನ್ನ ರೋಗವನ್ನು ಹೇಳುತ್ತದೆಯೇ ಹೊರತು ಹಿಂದಿನ ಒಡೆಯನ ಮನಸ್ಸನ್ನು ಹೇಳುವುದಿಲ್ಲ.

ರಿಪೇರಿಯವನಲ್ಲಿಗೆ ಒಯ್ದೆವು. ಚಿಪ್ಪು ಬದಲಿಸುವುದು ಲಾಭವಿಲ್ಲದ ಮಾತು ಎಂದ. ಇನ್ನೊಂದು ದಾರಿ ತೋರಿಸಿದ: ಬಿಸಿಗಾಳಿಯಿಂದ ಕಾಯಿಸಿದರೆ ಬಿರುಕು ಬಿಟ್ಟ ಸಂಪರ್ಕ ಕೂಡಿಕೊಂಡು ಕೆಲವು ದಿನವೋ ವಾರವೋ ನಡೆದೀತು, ಅಷ್ಟರಲ್ಲಿ ಮಾರಿಬಿಡಿ. ದಾರಿಯಲ್ಲಿ ಹುಡುಗ ಕೇಳಿದ: "ಮಾಮಾ, ನಮಗ ಯಾರ ಹೇಳಿ ಕೊಟ್ರು? ಅವ ಸುಮ್ನ ಮಾರಿದ, ನಾವೂ ಸುಮ್ನ ಮಾರೂಣು. ರೊಕ್ಕರೆ ಬರ್ತಾವ."

ಇದಕ್ಕೆ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ನಲವತ್ತೈದು ನೂರು ನಮಗೆ ಸಣ್ಣ ಮೊತ್ತವಲ್ಲ.

ಕ್ರಿಸ್ತಪೂರ್ವ 44ರಲ್ಲಿ ರೋಮಿನ ಸಿಸೆರೊ ಕರ್ತವ್ಯಗಳ ಕುರಿತು ಬರೆದ ಗ್ರಂಥದಲ್ಲಿ ಇದೇ ಪ್ರಶ್ನೆಯನ್ನು ಎತ್ತಿಕೊಂಡಿದ್ದಾನೆ. ಒಬ್ಬನ ಮನೆ ರೋಗಕಾರಕ, ಅದರ ಮರ ಹಾಳಾಗಿದೆ, ಒಡೆಯನ ಹೊರತು ಯಾರಿಗೂ ತಿಳಿಯದು. ಅವನು ಹೇಳದೆ ಮಾರಬಹುದೇ? ಬ್ಯಾಬಿಲೋನಿನ ಡಯೋಜೆನೀಸನ ಪ್ರಕಾರ ಹೇಳದಿರುವುದು ಬೇರೆ, ಮರೆಮಾಚುವುದು ಬೇರೆ. ಕೊಳ್ಳೆಂದು ಯಾರೂ ಬಲವಂತ ಮಾಡಿಲ್ಲವಲ್ಲ! ಅವನ ಶಿಷ್ಯ ಆಂಟಿಪೇಟರನದು ಇದಕ್ಕೆ ವಿರುದ್ಧವಾದ ಮತ: ಮಾರುವವನು ಅರಿತದ್ದೆಲ್ಲವನ್ನೂ ಕೊಳ್ಳುವವನೂ ಅರಿಯಬೇಕು. ಸಿಸೆರೊ ಶಿಷ್ಯನ ಕಡೆಗೇ ವಾಲುತ್ತಾನೆ. ನಮ್ಮ 1930ರ ಸರಕು ಮಾರಾಟ ಕಾಯಿದೆಯ 16ನೆಯ ಕಲಮು ಕೆಲವು ಅಪವಾದಗಳನ್ನಿಟ್ಟು, ಮಿಕ್ಕಂತೆ ಎಚ್ಚರದ ಹೊಣೆಯನ್ನು ಕೊಳ್ಳುವವನ ಮೇಲೆಯೇ ಬಿಡುತ್ತದೆ. ಡಯೋಜೆನೀಸನಿಗೆ ಇದು ಒಪ್ಪಿಗೆಯಾಗುತ್ತಿತ್ತು.

ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು ಯಾಜ್ಞವಲ್ಕ್ಯ ಸ್ಮೃತಿ. ಇಲ್ಲಿಗೆ ದೂರವಲ್ಲದ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದದ್ದು ಅದಕ್ಕೇ. ಕೊಂಡ ವಸ್ತುವನ್ನು ಪರೀಕ್ಷಿಸಲು ಆ ಸ್ಮೃತಿ ಅವಧಿಗಳನ್ನು ಗೊತ್ತುಪಡಿಸುತ್ತದೆ: ಕಬ್ಬಿಣಕ್ಕೆ 1 ದಿನ, ಕರೆಯುವ ದನಕ್ಕೆ 3, ಭಾರ ಎಳೆಯುವ ಪಶುವಿಗೆ 5, ರತ್ನಕ್ಕೆ 7, ಬೀಜಕ್ಕೆ 10. (ಅದೇ ಪಟ್ಟಿಯಲ್ಲಿ ಮನುಷ್ಯರೂ ಇದ್ದಾರೆ, ಶಾಸ್ತ್ರವನ್ನು ಓದುವಾಗ ಅದನ್ನೂ ಮರೆಯಬಾರದು.) ಸಿದ್ಧೇಶ್ವರ ಜಾತ್ರೆಯ ದನದ ಬಜಾರಿನಲ್ಲಿ ಹಲ್ಲು ನೋಡಿ, ಸುಳಿ ನೋಡಿ, ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸಿದ್ದನ್ನು ಕಂಡವರಿಗೆ ಆ ಐದು ದಿನಗಳ ಅರ್ಥ ಒಡನೆ ತಿಳಿಯುತ್ತದೆ. ನಿಂತ ಎತ್ತಿನಲ್ಲಿ ಐಬು ಕಾಣುವುದಿಲ್ಲ, ನೊಗ ಹೂಡಿದಾಗ ಕಾಣುತ್ತದೆ. ನಮ್ಮ ಕಾರ್ಡೂ ಸುಮ್ಮನಿದ್ದಾಗ ಸಾಧುವೇ ಆಗಿತ್ತು.

ಆದರೆ ಈ ಅವಧಿಗಳೆಲ್ಲ ಇಬ್ಬರಿಗೂ ತಿಳಿಯದ ದೋಷಕ್ಕಾಗಿ ಇರುವಂಥವು ಎಂದು ನನಗೆ ಅನ್ನಿಸುತ್ತದೆ. ಅಲ್ಲಿ ಮಾರಿದವನು ನಿರ್ದೋಷಿಯಾಗಿರಲು ಎಡೆಯಿದೆ. ನಮಗೆ ಆ ಎಡೆ ಉಳಿದಿರಲಿಲ್ಲ. ತರುಣ ಅರಿಯದೆ ಮಾರಿದ್ದರೆ ಅವನಂತೆ ಮಾರುವುದು ನಮಗೆ ಇನ್ನು ಅಸಾಧ್ಯ, ಏಕೆಂದರೆ ನಾವು ಅರಿತಿದ್ದೇವೆ. ಅರಿತು ಮಾರಿದ್ದರೆ, ಫೋನಿನಲ್ಲಿ ನಾನು ಯಾವ ಹೆಸರಿನಿಂದ ಕರೆದೆನೋ ಅದೇ ಹೆಸರನ್ನು ನಾವೂ ಹೊರಬೇಕು. ಎಂಟು ದಿನ ಪಟ್ಟ ಶ್ರಮ ಕಾರ್ಡನ್ನು ಗುಣಪಡಿಸಲಿಲ್ಲ, ನಮ್ಮ ಅಜ್ಞಾನವನ್ನು ಮಾತ್ರ ಕಸಿದುಕೊಂಡಿತು. ಕಾಯಿಸಿ ಮಾರುವುದಂತೂ ಡಯೋಜೆನೀಸನಿಗೂ ಸಲ್ಲದ ಮಾತು. ಅದು ಬರಿಯ ಮೌನವಲ್ಲ, ದೋಷದ ಬಾಯಿಗೆ ಬಟ್ಟೆ ತುರುಕಿದಂತೆ.

ಇದನ್ನೆಲ್ಲ ಹುಡುಗನಿಗೆ ಇಷ್ಟು ಉದ್ದವಾಗಿ ಹೇಳಲಿಲ್ಲ. "ಕೊಳ್ಳಾಂವ ಕೇಳಿದ್ರ ಏನ್ ಹೇಳ್ತಿ?" ಎಂದಷ್ಟೇ ಕೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಅವನ ಮುಖದ ಮೇಲಿದ್ದದ್ದು ಒಪ್ಪಿಗೆಯೋ ಬೇಸರವೋ ನನಗೆ ಈಗಲೂ ಗೊತ್ತಿಲ್ಲ.

ವಾರದ ನಂತರ ಅಕ್ಕಲಕೋಟೆಯ ಕಡೆಯ ಒಬ್ಬ ಹುಡುಗ, ಬೆಸುಗೆಯ ಕೆಲಸ ಕಲಿಯಲು ಕೆಟ್ಟ ಕಾರ್ಡುಗಳನ್ನು ಹುಡುಕುತ್ತಿದ್ದವನು, 600 ರೂಪಾಯಿ ಕೊಟ್ಟು ಒಯ್ದ. ಯಾವ ವೇಗದಲ್ಲಿ ಕೆಡುತ್ತದೆ, ಏನೇನು ಮಾಡಿ ನೋಡಿದ್ದಾಗಿದೆ ಎಂಬುದನ್ನು ಸೋದರಳಿಯ ಪೆಟ್ಟಿಗೆಯ ಮೇಲೆ ಮರಾಠಿಯಲ್ಲಿ ಬರೆದುಕೊಟ್ಟಿದ್ದ. ಆ ಹಣಕ್ಕೆ ಇನ್ನಷ್ಟು ಸೇರಿಸಿ ಹೊಸ ಎಸ್‌ಎಂಪಿಎಸ್ ತಂದೆವು.

ಉಳಿದಿದ್ದು ನನ್ನ ಫೋನು. ಅರ್ಧ ಸುಳ್ಳಾದ ಬೈಗುಳವನ್ನು ಅರ್ಧವೇ ಹಿಂತೆಗೆದುಕೊಳ್ಳುವುದು ಹೇಗೆ ಎಂದು ತಿಳಿಯದೆ ನಾಲ್ಕು ದಿನ ತಡಮಾಡಿದೆ. ಐದನೆಯ ದಿನ ಮಾಡಿದೆ. ಆರುತ್ತಿದ್ದದ್ದು ನಮ್ಮ ದೋಷದಿಂದ, ಚೌಕಗಳು ಕಾರ್ಡಿನವು, ನಾನು ಅಂದ ಮಾತು ತಪ್ಪು ಎಂದೆ. ಚೌಕಗಳ ಬಗ್ಗೆ ಅವನು ಒಂದು ಮಾತನ್ನೂ ಆಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಎಸ್‌ಎಂಪಿಎಸ್ ಬದಲಿಸಿದಿರಾ ಎಂದು ಕೇಳಿದ.