ಬಿಡುವುದಕ್ಕೂ ಕಸುವು
ಧಾರವಾಡ ಸೀಮೆಯ ನಮ್ಮ ಲಿಂಗಾಯತರಲ್ಲಿ ಲಿಂಗೈಕ್ಯರಾದವರನ್ನು ಕೂರಿಸಿ ಸಮಾಧಿ ಮಾಡುತ್ತೇವೆ. ಹಣೆಗೆ ವಿಭೂತಿ, ಎಡ ಅಂಗೈಯಲ್ಲಿ ಇಷ್ಟಲಿಂಗ. ಅದಕ್ಕೇ ಉಸಿರು ನಿಂತೊಡನೆ ಹಿರಿಯರಿಗೆ ಅವಸರ: "ಲಗೂನ ಕೂಡಸ್ರಿ, ಸೆಟದ್ರ ಕಾಲು ಮಡಚಾಕ ಬರೂದಿಲ್ಲ." ಅಪ್ಪ ಹೋದ ದಿನವೂ ಅದೇ ಮಾತು. ಸೆಟೆಯುವುದೇಕೆಂದು ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಹೇಳಿಕೊಡುವ ನಾನು ಬಲ್ಲೆ.

ಕಾರಣ, ಜೀವಕೋಶಕ್ಕೆ ಕಸುವು ಕೊಡುವ ಅಣುವೊಂದು ತೀರಿಹೋಗುವುದು. ಅಡೆನಿನ್ ಎಂಬ ಸಾರಜನಕಯುಕ್ತ ಪ್ರತ್ಯಾಮ್ಲ, ಅದಕ್ಕಂಟಿದ ರೈಬೋಸ್ ಸಕ್ಕರೆ, ಅದರ ತುದಿಗೆ ಮೂರು ಫಾಸ್ಫೇಟು: ಈ ನ್ಯೂಕ್ಲಿಯೊಟೈಡೇ ಎಟಿಪಿ. ಸ್ನಾಯುವಿನಲ್ಲಿ ಮಯೋಸಿನ್ ತಲೆಗಳು ಆಕ್ಟಿನ್ ಎಳೆಯನ್ನು ಹಿಡಿದು ಎಳೆಯುತ್ತವೆ. ಆ ಹಿಡಿತ ಬಿಡಬೇಕಾದರೆ ಹೊಸದೊಂದು ಎಟಿಪಿ ಬಂದು ಮಯೋಸಿನ್‌ಗೆ ಸೇರಲೇಬೇಕು. ಸತ್ತ ಸ್ವಲ್ಪ ಹೊತ್ತಿಗೆ ಎಟಿಪಿ ತಯಾರಿ ನಿಲ್ಲುತ್ತದೆ, ಇದ್ದದ್ದು ತೀರುತ್ತದೆ; ಹಿಡಿದ ತಲೆಗಳು ಹಿಡಿದಂತೆಯೇ ಉಳಿಯುತ್ತವೆ. 2-3 ಗಂಟೆಯಲ್ಲಿ ದವಡೆ, ಕುತ್ತಿಗೆ. 12 ಗಂಟೆಯ ಹೊತ್ತಿಗೆ ಮೈಯೆಲ್ಲ ಬಿಗಿ.

"ಹಂಗಾದ್ರ ಪ್ರಾಣ ಅಂದ್ರ ಎಟಿಪಿನ ಏನಣ್ಣಾ?" ಎಂದು ತಮ್ಮ ಕೇಳಿದ. ಅಲ್ಲ. ನಮ್ಮ ಪ್ರಯೋಗಾಲಯದ ಫ್ರೀಜರಿನಲ್ಲಿ ಅದು ಸೀಸೆಯೊಳಗಿನ ಬಿಳಿ ಪುಡಿ. ಯಾವ ಕ್ಷಣಕ್ಕೂ ನಮ್ಮ ಮೈಯಲ್ಲಿರುವ ಎಟಿಪಿ ಕಾಲು ಕಿಲೋ ದಾಟದು. ಆದರೆ ದಿನಕ್ಕೆ ಒಡೆದು ಮತ್ತೆ ಕಟ್ಟಿಕೊಳ್ಳುವುದು ಹೆಚ್ಚುಕಡಿಮೆ ನಮ್ಮ ತೂಕದಷ್ಟು. ಕೂಡಿಡದೆ ಸಲ್ಲಿಸುವ ಶರಣರ ದಾಸೋಹ ನೆನಪಾಗುತ್ತದೆ, ನಿಜ. ಆದರೆ ಜೀವಕೋಶಕ್ಕೆ ಆಯ್ಕೆಯಿಲ್ಲ, ಮನುಷ್ಯನಿಗಿದೆ. ಆ ಹೋಲಿಕೆಯನ್ನು ನಾನು ಮುಂದೆ ಎಳೆಯಲಾರೆ.

ನನ್ನನ್ನು ಕಾಡುವುದು ಹಿಡಿತ ಬಿಡುವ ಆ ಕೆಲಸ. ಹಿಡಿಯಲು ಬಲ ಬೇಕು, ಬಿಡುವುದು ತಾನಾಗಿ ಆಗುತ್ತದೆ ಎಂದುಕೊಂಡೇ ನಾವು ವೈರಾಗ್ಯದ ಮಾತಾಡುತ್ತೇವೆ. ಸೆಟೆದ ಮೈ ಒಂದೆರಡು ದಿನಕ್ಕೆ ಮತ್ತೆ ಸಡಿಲವಾಗುತ್ತದೆ, ಆದರೆ ಎಟಿಪಿ ಮರಳಿ ಬಂದಿರುವುದಿಲ್ಲ. ಕಿಣ್ವಗಳು ಸ್ನಾಯುವಿನ ಪ್ರೋಟೀನುಗಳನ್ನೇ ತುಂಡರಿಸಿರುತ್ತವೆ. ಅದು ಬಿಡುವುದಲ್ಲ, ಹರಿದುಹೋಗುವುದು. ಮುಪ್ಪಿಗೆ ಸೋತು ಆಸೆ ಬತ್ತಿದವರನ್ನು ವಿರಕ್ತರೆಂದು ಕೈಮುಗಿಯುವಾಗ ನಾವು ಈ ಎರಡನ್ನೂ ಒಂದೇ ಎಂದುಕೊಳ್ಳುತ್ತೇವೆ.

ಅಪ್ಪ ಬಿಟ್ಟದ್ದು ಗಟ್ಟಿಮುಟ್ಟಾಗಿದ್ದಾಗ. ಮಳೆ ಕೈಕೊಟ್ಟ ವರ್ಷ, ಮನೆಮನೆಗೆ ಹೋಗಿ ವಸೂಲಿ ಮಾಡುವ ತಾಕತ್ತಿರುವಾಗಲೇ, ಕಿರಾಣಿ ಅಂಗಡಿಯ ಉದ್ರಿ ಪುಸ್ತಕವನ್ನು ಒಲೆಗೆ ಹಾಕಿದರು. ಆ ರಾತ್ರಿಯೆಲ್ಲ ಅವರು ಪಡಸಾಲೆಯಲ್ಲಿ ಅಡ್ಡಾಡಿದರೆಂದು ಅವ್ವ ಹೇಳುತ್ತಾಳೆ. ಬೆಳಿಗ್ಗೆ ಎಂದಿನ ಹೊತ್ತಿಗೆ ಅಂಗಡಿ ತೆಗೆದು, ಹೊಸ ಪುಸ್ತಕದಲ್ಲಿ ಮೊದಲ ಉದ್ರಿ ಬರೆದುಕೊಂಡರು.